ಕೂದಲು ನೋಡಿ ಪಕ್ಷ ಹೇಳಲಾಗದ ಯುದ್ಧ

ಇಂಗ್ಲೆಂಡಿನ ಅಂತರ್ಯುದ್ಧ ಎಂದರೆ ಹಲವರ ಮನಸ್ಸಿಗೆ ಬರುವುದು ಒಂದೇ ಚಿತ್ರ: ಉದ್ದಗೂದಲು ಬಿಟ್ಟ, ಗರಿಟೋಪಿಯ ರಾಜಪಕ್ಷದ ಸಿರಿವಂತರು ಒಂದೆಡೆ; ಕೂದಲು ಕತ್ತರಿಸಿಕೊಂಡು ಅರಸೊತ್ತಿಗೆಯನ್ನೇ ಕಿತ್ತೊಗೆಯಲು ಹೊರಟ ಸಂಸತ್ತಿನ ಪಡೆ ಇನ್ನೊಂದೆಡೆ. ಆ ಪಡೆಯ ಮುಂದೆ ಕ್ರಾಮ್‌ವೆಲ್. ಇದರಲ್ಲಿ ನಿಜ ಕಡಿಮೆ.

ಕ್ರಾಮ್‌ವೆಲ್‌ನ ಭಾವಚಿತ್ರಗಳನ್ನೇ ನೋಡಿ, ಕೂದಲು ಕಿವಿ ಮುಚ್ಚಿ ಕೆಳಗಿಳಿದಿದೆ. ಕೋಟಿನ ಬಣ್ಣವೂ ಪಕ್ಷ ಹೇಳುತ್ತಿರಲಿಲ್ಲ. ಆಯಾ ರೆಜಿಮೆಂಟಿನ ಕರ್ನಲ್ ಕೊಡಿಸಿದ್ದೇ ಬಣ್ಣ. ಕೆಂಪು ಕೋಟು ಎರಡೂ ಕಡೆ ಇತ್ತು. ಗುರುತಿಗೆ ಉಳಿದದ್ದು ಒಂದು ಪಟ್ಟಿ ಬಟ್ಟೆ. 1642ರ ಅಕ್ಟೋಬರಿನಲ್ಲಿ ಎಡ್ಜ್‌ಹಿಲ್ ಕದನದಲ್ಲಿ ಫೋರ್ಟೆಸ್ಕ್ಯೂನ ಕುದುರೆ ತುಕಡಿ ಸಂಸತ್ತನ್ನು ಬಿಟ್ಟು ರಾಜನ ಕಡೆ ಸೇರಿತು. ಸಂಸತ್ತಿನ ಗುರುತಾದ ಕಿತ್ತಳೆ ಪಟ್ಟಿ ಬಿಚ್ಚುವುದನ್ನು ಮರೆತ ಕೆಲವರು ಹೊಸ ಗೆಳೆಯರ ಕೈಯಲ್ಲೇ ಸತ್ತರು. 1644ರ ಜುಲೈ 2ರಂದು ಮಾರ್ಸ್ಟನ್ ಮೂರ್‌ನಲ್ಲಿ ಸಂಸತ್ತಿನವರ ಗುರುತು ಟೋಪಿಯಲ್ಲಿ ಸಿಕ್ಕಿಸಿದ ಬಿಳಿ ಬಟ್ಟೆ ಅಥವಾ ಕಾಗದ. ತನ್ನ ಕಡೆಯ ಕುದುರೆಪಡೆ ಚದುರಿದಾಗ ಸಂಸತ್ತಿನ ಸೇನಾನಿ ಥಾಮಸ್ ಫೇರ್‌ಫ್ಯಾಕ್ಸ್ ಅದನ್ನು ಕಿತ್ತು ಬಿಸುಟು, ಶತ್ರುಗಳ ನಡುವೆಯೇ ಸಾಗಿ ತನ್ನವರನ್ನು ಸೇರಿಕೊಂಡ. ಯಾರೂ ತಡೆಯಲಿಲ್ಲ.

ಮುಂದೆ ಸಂಸತ್ತಿನ ಸೇನೆಯ ನಿಜವಾದ ನಾಯಕನಾದವನು ಕ್ರಾಮ್‌ವೆಲ್ ಅಲ್ಲ, ಈ ಫೇರ್‌ಫ್ಯಾಕ್ಸ್. ಯುದ್ಧದ ಆರಂಭದಲ್ಲಿ ಕ್ರಾಮ್‌ವೆಲ್ ಬರೀ ಒಂದು ಕುದುರೆ ತುಕಡಿಯ ಕ್ಯಾಪ್ಟನ್. ಮೊದಲ ಸೇನಾಪತಿ ಎಸೆಕ್ಸ್‌ನ ಅರ್ಲ್, ಅಂದರೆ ಅಪ್ಪಟ ಸಿರಿವಂತ. 1645ರಲ್ಲಿ ಸಂಸತ್ತು ಕಟ್ಟಿದ ಹೊಸ ಮಾದರಿ ಸೇನೆ ಫೇರ್‌ಫ್ಯಾಕ್ಸ್‌ನ ಕೈಗೇ ಹೋಯಿತು. ಅದೇ ವರ್ಷ ನೇಸ್‌ಬಿ ಕದನದಲ್ಲಿ ಕ್ರಾಮ್‌ವೆಲ್‌ನ ಪಾಲು ಬಲಬದಿಯ ಕುದುರೆಪಡೆ. ಆ ಪಾಲನ್ನು ಅವನು ನಿಭಾಯಿಸಿದ ರೀತಿ ಮಾತ್ರ ಅಸಾಧಾರಣ. ರಾಜನ ಸೋದರಳಿಯ ರೂಪರ್ಟ್‌ನ ಸವಾರರು ಎದುರಾಳಿಯನ್ನು ಚದುರಿಸಿ ಸಾಮಾನು ಬಂಡಿಗಳವರೆಗೂ ಹೋದರು. ಕ್ರಾಮ್‌ವೆಲ್‌ನವರು ಲಗಾಮು ಎಳೆದು ರಾಜನ ಕಾಲಾಳುಗಳ ಮೇಲೆ ತಿರುಗಿದರು. ಗೆಲುವಿಗೆ ಈ ಶಿಸ್ತಿನಷ್ಟೇ ಲಂಡನ್ನಿನ ಹಣವೂ ಸಂಸತ್ತಿನ ಕಡೆ ನಿಂತ ನೌಕಾಪಡೆಯೂ ಕಾರಣ.

ಇನ್ನು ಅರಸೊತ್ತಿಗೆಯನ್ನು ಕಿತ್ತೊಗೆಯುವ ಮಾತು; ಅದು ಮೊದಲ ಗುರಿಯಾಗಿರಲಿಲ್ಲ. 1642ರಲ್ಲಿ ಸಂಸತ್ತು ದಂಡು ಕಟ್ಟಿದ್ದು ರಾಜ ಮತ್ತು ಸಂಸತ್ತು ಇಬ್ಬರ ಹೆಸರಿನಲ್ಲಿ. ದೂರಿದ್ದು ರಾಜನ ಸಲಹೆಗಾರರನ್ನು. ಸೋತ ರಾಜ ಚಾರ್ಲ್ಸ್‌ನೊಡನೆ ವರ್ಷಗಟ್ಟಲೆ ಸಂಧಾನ ನಡೆಯಿತು. ಅವನು ಸ್ಕಾಟರೊಡನೆ ಒಳಒಪ್ಪಂದ ಮಾಡಿಕೊಂಡು 1648ರಲ್ಲಿ ಮತ್ತೆ ಯುದ್ಧ ತಂದಾಗ ಸೇನೆಯ ತಾಳ್ಮೆ ಹರಿಯಿತು. ಆ ಡಿಸೆಂಬರಿನಲ್ಲಿ ಸೇನೆಯ ಕರ್ನಲ್ ಪ್ರೈಡ್ ಸಂಸತ್ತಿನ ಬಾಗಿಲಲ್ಲಿ ನಿಂತು ಸಂಧಾನ ಬಯಸಿದ ಸದಸ್ಯರನ್ನು ತಡೆದ. 1649ರ ಜನವರಿ 30ರಂದು ರಾಜನ ತಲೆ ಬಿತ್ತು. ನ್ಯಾಯಾಧೀಶರ ಪಟ್ಟಿಯಲ್ಲಿ ಹೆಸರಿದ್ದರೂ ಫೇರ್‌ಫ್ಯಾಕ್ಸ್ ಆ ವಿಚಾರಣೆಯಲ್ಲಿ ಕೂರಲಿಲ್ಲ. 1660ರಲ್ಲಿ ಆ ರಾಜನ ಮಗ ಎರಡನೇ ಚಾರ್ಲ್ಸ್‌ನನ್ನು ಸಿಂಹಾಸನಕ್ಕೆ ಕರೆತರಲು ಹೇಗ್‌ಗೆ ಹೋದವರಲ್ಲಿ ಅವನೂ ಇದ್ದ.