ಹೊಂದಿಸಿದ ರೀಡಿಂಗ್, ಹಾರಿದ ವಿಮಾನ

ಆರಿಫೈಸ್ ಮೀಟರ್ ಪ್ರಯೋಗದಲ್ಲಿ ನಮ್ಮ ಬ್ಯಾಚ್‌ಗೆ ಬಂದ ಉತ್ತರ 0.74. ಪುಸ್ತಕದಲ್ಲಿರುವುದು 0.6ರ ಆಸುಪಾಸು. ಆಮೇಲೆ ಏನು ಮಾಡಿದೆವು ಎಂಬುದನ್ನು ಬಿಇ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸೀನಿಯರ್ ಒಬ್ಬರ ಹಳೇ ರೆಕಾರ್ಡ್ ತಂದು, ಹಿಂದಿನಿಂದ ಮುಂದಕ್ಕೆ ಲೆಕ್ಕ ಮಾಡಿ, 0.62 ಬರುವಂತೆ ರೀಡಿಂಗ್ 'ಹೊಂದಿಸಿದೆವು'. ಸಹಿಯೂ ಬಿತ್ತು, ಹತ್ತಕ್ಕೆ ಒಂಬತ್ತು ಅಂಕವೂ ಬಂತು.

ಆ ಭಾನುವಾರ ಊರಿಂದ ಬಂದಿದ್ದ ಚಿಕ್ಕಮ್ಮನ ಮಗ ವಿಮಾನ ತೋರಿಸು ಎಂದು ಗಂಟುಬಿದ್ದ. ಏಳನೇ ಕ್ಲಾಸಿನವನು, ಬಿಡುವ ಜಾತಿಯಲ್ಲ. ಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕಬ್ಬನ್ ಪಾರ್ಕ್‌ನಲ್ಲಿಳಿದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋದೆ. 1962ರಲ್ಲಿ ನೆಹರೂ ಉದ್ಘಾಟಿಸಿದ ಈ ಮ್ಯೂಸಿಯಂಗೆ ಸ್ಕೂಲ್ ಟ್ರಿಪ್‌ನಲ್ಲಿ ನಾನೂ ಹೋಗಿದ್ದೆ. ನೆನಪಿದ್ದದ್ದು ಹೊರಗೆ ತಿಂದ ಐಸ್‌ಕ್ರೀಂ ಮಾತ್ರ.

ನೆಲಮಹಡಿಯಲ್ಲಿ ರೈಟ್ ಸಹೋದರರ 1903ರ ವಿಮಾನದ ಪ್ರತಿಕೃತಿ ಇದೆ, ಮೂಲದಷ್ಟೇ ಗಾತ್ರದ್ದು. ರೆಕ್ಕೆಯ ಅಗಲ 12 ಮೀಟರಿಗಿಂತ ತುಸು ಹೆಚ್ಚು. 'ಅಣ್ಣ, ಪೈಲಟ್ ಎಲ್ಲಿ ಕೂರ್ತಾನೆ?' ಎಂದ ಹುಡುಗ. ಕೂರುವುದೇ ಇಲ್ಲ, ಕೆಳಗಿನ ರೆಕ್ಕೆಯ ಮೇಲೆ ಬೋರಲು ಮಲಗಬೇಕು. ಸೊಂಟ ಅತ್ತಿತ್ತ ಸರಿಸಿದರೆ ತಂತಿಗಳು ಎಳೆದು ರೆಕ್ಕೆಯ ತುದಿ ತಿರುಚಿಕೊಳ್ಳುತ್ತದೆ, ವಿಮಾನ ವಾಲುತ್ತದೆ. ಎಂಜಿನ್ ಪೈಲಟ್‌ಗಿಂತ ಭಾರ ಇದ್ದುದರಿಂದ ಅದಿರುವ ಬಲಗಡೆಯ ರೆಕ್ಕೆ ನಾಲ್ಕು ಇಂಚು ಉದ್ದ. ಪ್ರೊಪೆಲ್ಲರ್ ತಿರುಗಿಸುವುದು ಚೈನ್. ಅಣ್ಣತಮ್ಮಂದಿರದು ಸೈಕಲ್ ಅಂಗಡಿ ತಾನೇ!

ಮನೆಗೆ ಬಂದು ಇವರ ಬಗ್ಗೆ ಓದುತ್ತಾ ಕೂತಾಗ ನನಗೆ ಮುಳ್ಳು ಚುಚ್ಚಿದ್ದು 1901ರ ಕಥೆ. ಜರ್ಮನಿಯ ಒಟ್ಟೊ ಲಿಲಿಯೆಂತಾಲ್ ಅವರ ಕೋಷ್ಟಕ ನಂಬಿ ಕಟ್ಟಿದ ಗ್ಲೈಡರ್‌ಗೆ ಲೆಕ್ಕದ ಮೂರನೇ ಒಂದರಷ್ಟು ಲಿಫ್ಟ್ ಮಾತ್ರ ಸಿಕ್ಕಿತು. ಹೈಸ್ಕೂಲ್ ಸರ್ಟಿಫಿಕೇಟೂ ಇಲ್ಲದ ಇಬ್ಬರು 'ತಪ್ಪು ನಮ್ಮದೇ' ಎಂದುಕೊಂಡು ಸುಮ್ಮನಾಗಬಹುದಿತ್ತು. ಬದಲಿಗೆ ಆರು ಅಡಿಯ ಮರದ ಪೆಟ್ಟಿಗೆಯೊಂದನ್ನು ಗಾಳಿಸುರಂಗ ಮಾಡಿಕೊಂಡರು. ಹ್ಯಾಕ್ಸಾ ಬ್ಲೇಡು, ಸೈಕಲ್ ಕಡ್ಡಿಯ ತಂತಿಯಿಂದ ತಕ್ಕಡಿ ಮಾಡಿ ಸುಮಾರು 200 ಬಗೆಯ ಪುಟಾಣಿ ರೆಕ್ಕೆಗಳನ್ನು ಅಳೆದರು. ಲಿಲಿಯೆಂತಾಲ್ ಕೋಷ್ಟಕ ಬಹುಪಾಲು ಸರಿಯೇ ಇತ್ತು. ತಪ್ಪಿದ್ದು, ಒಂದು ಶತಮಾನಕ್ಕೂ ಹೆಚ್ಚು ಕಾಲ ಎಲ್ಲರೂ ಬಳಸುತ್ತಿದ್ದ ಸ್ಮೀಟನ್ ಗುಣಾಂಕ. 0.005 ಅಂತ ಬರೆದಿತ್ತು, ಇವರಿಗೆ ಬಂದದ್ದು ಸುಮಾರು 0.0033. ನಮ್ಮ ಬ್ಯಾಚ್ ಆಗಿದ್ದರೆ ಖಂಡಿತ 0.005 ಬರಿಸುತ್ತಿತ್ತು.

1903ರ ಡಿಸೆಂಬರ್ 17ರಂದು ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಅಂದಿನ ನಾಲ್ಕನೆಯದು 59 ಸೆಕೆಂಡ್, 852 ಅಡಿ. ಆಮೇಲೆ ಗಾಳಿ ಬೀಸಿ ವಿಮಾನ ಮಗುಚಿತು, ಮತ್ತೆಂದೂ ಹಾರಲಿಲ್ಲ.

ರೀಡಿಂಗ್ ಹೊಂದಿಸುವವರು ಅಲ್ಲೂ ಇದ್ದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ತನ್ನ ಕಾರ್ಯದರ್ಶಿಯಾಗಿದ್ದ ಲ್ಯಾಂಗ್ಲಿಯವರ ಸೋತ ವಿಮಾನವನ್ನು 1914ರಲ್ಲಿ ಮಾರ್ಪಡಿಸಿ ಕುಪ್ಪಳಿಸುವಂತೆ ಹಾರಿಸಿ, ಮೊದಲು ಹಾರಬಲ್ಲದ್ದಾಗಿದ್ದುದು ಇದೇ ಎಂದು ಪ್ರದರ್ಶನಕ್ಕಿಟ್ಟಿತು. ಸಿಟ್ಟಿಗೆದ್ದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ಮೂಲ ವಿಮಾನವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಕಳಿಸಿಬಿಟ್ಟರು. ಸಂಸ್ಥೆ ತಪ್ಪೊಪ್ಪಿಕೊಂಡದ್ದು 1942ರಲ್ಲಿ. ವಿಮಾನ ವಾಪಸ್ ಬಂದದ್ದು 1948ರಲ್ಲಿ, ಅಷ್ಟರಲ್ಲಿ ಆರ್ವಿಲ್ ತೀರಿಹೋಗಿದ್ದರು.

ಮುಂದಿನ ವಾರ ಲ್ಯಾಬ್‌ನಲ್ಲಿ ಆ ಪ್ರಯೋಗ ಮತ್ತೆ ಮಾಡೋಣ ಅಂದೆ. 'ಸಹಿ ಆಗಿದೆ, ಬಿಡು ಮಗಾ' ಅಂದರು ಗೆಳೆಯರು. ಒಬ್ಬ ಮಾತ್ರ ಜೊತೆಗೆ ನಿಂತ. ಮ್ಯಾನೋಮೀಟರ್ ಟ್ಯೂಬ್‌ನಲ್ಲಿ ಹೆಸರುಕಾಳಿನಷ್ಟು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಅದನ್ನು ಬಿಟ್ಟು ಮತ್ತೆ ಅಳೆದೆವು. 0.65 ಬಂತು. ರೆಕಾರ್ಡ್‌ನಲ್ಲಿ 0.62 ಹೊಡೆದುಹಾಕಿ ಅದನ್ನೇ ಬರೆದು, ಸಹಿಗೆ ಮತ್ತೆ ಸರ್ ಮುಂದೆ ನಿಂತೆವು.