ಹಿಮ್ಮಡಿಯ ಕೆಳಗಿನ ಗಾಲಿ

ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ತನ್ನ ತಂಗಿಯ ಷೂಸುಗಳನ್ನು ಪ್ರಯೋಗಶಾಲೆಗೆ ತಂದನು. ಅವುಗಳ ಹಿಮ್ಮಡಿಯಲ್ಲಿ ಒಂದೊಂದು ಚಿಕ್ಕ ಗಾಲಿ. ಮುಂಗಾಲನ್ನೆತ್ತಿದರೆ ಉರುಳುತ್ತ ಸಾಗಬಹುದು. ಊರಿದರೆ ಎಂದಿನಂತೆ ನಡೆಯಬಹುದು. ಬಲಗಾಲಿನ ಗಾಲಿಯ ಒಂದು ಅಂಚು ಸವೆದುಹೋದುದರಿಂದ ಹುಡುಗಿ ಬಿದ್ದು ಮೊಣಕೈ ತರಚಿಕೊಂಡಿದ್ದಳು. ಅಂಗಡಿಯವರು, ಬಿಡಿ ಗಾಲಿ ದೊರೆಯದು, ಹೊಸ ಜೊತೆಯನ್ನೇ ಕೊಳ್ಳಬೇಕೆಂದರಂತೆ. "ಗಾಲಿಯನ್ನು ನಾವೇ ಮಾಡಲಾಗದೆ?" ಎಂದು ಅವನು ಕೇಳಿದನು. ಮಾಡಿ ನೋಡೋಣವೆಂದೆವು.

ಗಾಲಿ ಕಟ್ಟಿದ ಪಾದರಕ್ಷೆ ಹೊಸದೇನೂ ಅಲ್ಲ. ಎರಡೆರಡು ಗಾಲಿಗಳ ಎರಡು ಜೊತೆಯುಳ್ಳ, ದೇಹವನ್ನು ವಾಲಿಸಿ ತಿರುಗಿಸಬಲ್ಲ ಸ್ಕೇಟನ್ನು ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿಯೇ ರೂಪಿಸಿದ್ದನು. ಹಿಮ್ಮಡಿಯೊಳಗೆ ಗಾಲಿಯನ್ನು ಹುದುಗಿಸುವ ಯೋಚನೆ ಈಚಿನದು. ಅದೇ ದೇಶದ ರೋಜರ್ ಆಡಮ್ಸ್ ರೂಪಿಸಿದ ಇಂಥ ಷೂಸು 2000ರಲ್ಲಿ ಮಾರಾಟಕ್ಕೆ ಬಂದಿತು.

ಮೊದಲು ಅಳತೆ. ವರ್ನಿಯರ್ ಕ್ಯಾಲಿಪರಿನಿಂದ ಅಳೆದಾಗ, ಸವೆಯದ ಭಾಗದಲ್ಲಿ ಗಾಲಿಯ ವ್ಯಾಸ 32 ಮಿಲಿಮೀಟರು. ಒಳಗಿನ ಗುಂಡು ಬೇರಿಂಗಿನ ಒಳವ್ಯಾಸ 8, ಹೊರವ್ಯಾಸ 16, ದಪ್ಪ 5 ಮಿಲಿಮೀಟರು. ಇದು 688 ಎಂಬ ಸಂಖ್ಯೆಯಿಂದ ಎಲ್ಲೆಡೆ ದೊರೆಯುವ ಗಾತ್ರ. ಗಾಲಿ ಸಿಕ್ಕದಿದ್ದರೂ ಅದರ ಹೃದಯ ಸುಲಭವಾಗಿ ಸಿಕ್ಕಿತು!

ತುಸು ದೊಡ್ಡ ಗಾಲಿಯನ್ನೇ ಹಾಕಿದರಾಗದೆ ಎಂದು ವಾಚಕರು ಕೇಳಬಹುದು. ಆಗದು. ಓಟವನ್ನು ನಿಲ್ಲಿಸಲು ಕಾಲನ್ನು ಹಿಂದಕ್ಕೆ ವಾಲಿಸಿ ಹಿಮ್ಮಡಿಯ ರಬ್ಬರನ್ನು ನೆಲಕ್ಕೆ ಉಜ್ಜಬೇಕು. ಗಾಲಿ ದೊಡ್ಡದಾದರೆ ರಬ್ಬರು ನೆಲಕ್ಕೆ ಎಟುಕಲು ಕಾಲು ಇನ್ನೂ ಹೆಚ್ಚು ವಾಲಬೇಕಾಗುತ್ತದೆ. ಆದರೆ ಚಿಕ್ಕದಾಗಿರುವುದರಿಂದ ಒದಗುವ ತೊಂದರೆಗಳೂ ಇವೆ. ಸೆಕೆಂಡಿಗೆ 2 ಮೀಟರು ವೇಗದಲ್ಲಿ ಸಾಗುವಾಗ ಈ ಗಾಲಿ ಸೆಕೆಂಡಿಗೆ ಸುಮಾರು 20 ಸುತ್ತು ಸುತ್ತುತ್ತದೆ. 4 ಮಿಲಿಮೀಟರು ಎತ್ತರದ ಹರಳು ಅಡ್ಡ ಬಂದಿತೆನ್ನಿ. ನಿಂತ ಗಾಲಿಯ ಅಚ್ಚನ್ನು ಎಳೆದು ಅದನ್ನು ಹತ್ತಿಸಬೇಕಾದರೆ, ಗಾಲಿಯ ಮೇಲಿನ ಭಾರದ ಶೇಕಡ 88ರಷ್ಟು ಬಲ ಬೇಕು. 66 ಸೆಂಟಿಮೀಟರು ವ್ಯಾಸದ ಸೈಕಲ್ ಗಾಲಿಗಾದರೆ ಶೇಕಡ 16ರಷ್ಟು ಸಾಕು. ಸೈಕಲ್ಲು ಲೆಕ್ಕಿಸದ ಹರಳು ಈ ಗಾಲಿಗೆ ಗೋಡೆಯೇ ಸರಿ.

ನಮ್ಮ ಮೊದಲ ಗಾಲಿಯನ್ನು ನೈಲಾನಿನ ದಿಂಡಿನಿಂದ ಲೇತಿನಲ್ಲಿ ಕಡೆದೆವು. ಅದು ಸೊಗಸಾಗಿ ಉರುಳಿತು. ಆದರೆ ನುಣುಪು ನೆಲದಲ್ಲಿ ತಿರುಗುವಾಗ ಪಕ್ಕಕ್ಕೆ ಜಾರಿತು. ಕಾರಣವೇನು? ಗಟ್ಟಿ ವಸ್ತು ಭಾರಕ್ಕೆ ಕುಗ್ಗುವುದು ಕಡಿಮೆ. ಆದುದರಿಂದ ಉರುಳುವಾಗ ಶಕ್ತಿ ಉಷ್ಣವಾಗಿ ನಷ್ಟವಾಗುವುದೂ ಕಡಿಮೆ. ಆದರೆ ಅದೇ ಕಾರಣದಿಂದ ಅದು ನೆಲದ ಸೂಕ್ಷ್ಮ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಹಿಡಿಯಲಾರದು. ಮೆತ್ತನೆಯ ರಬ್ಬರು ಹಿಡಿಯುತ್ತದೆ, ಆದರೆ ಉರುಳಲು ತಡೆಯೊಡ್ಡುತ್ತದೆ. ಗಾಲಿಗೆ ಎರಡು ಗುಣಗಳೂ ಬೇಕು.

ಈ ಸಂದಿಗ್ಧವನ್ನು ಬಹುಮಟ್ಟಿಗೆ ಪರಿಹರಿಸಿದ ವಸ್ತು ಪಾಲಿಯುರಿಥೇನ್. ಜರ್ಮನಿಯ ಆಟೊ ಬೇಯರ್ ಮತ್ತು ಅವರ ಸಂಗಡಿಗರು 1937ರಲ್ಲಿ ಇದನ್ನು ಕಂಡುಹಿಡಿದರು. 1970ರ ದಶಕದಲ್ಲಿ ಅಮೆರಿಕದ ಫ್ರಾಂಕ್ ನಾಸ್ವರ್ತಿ ಇದರ ಗಾಲಿಗಳನ್ನು ಸ್ಕೇಟ್ ಹಲಗೆಗಳಿಗೆ ಬಳಕೆಗೆ ತಂದನು. ಇದರ ಗಡಸುತನವನ್ನು ಷೋರ್ ಮಾಪಕದಿಂದ ಅಳೆಯುತ್ತಾರೆ. ನಾವು 'ಎ' ಶ್ರೇಣಿಯಲ್ಲಿ 85ನ್ನು ಆರಿಸಿಕೊಂಡೆವು.

ನೈಲಾನ್ ಗಾಲಿ ವ್ಯರ್ಥವಾಗಲಿಲ್ಲ. ಅದರ ಸುತ್ತ ಸಿಲಿಕೋನ್ ರಬ್ಬರು ಸುರಿದು ಎರಕದ ಅಚ್ಚು ಮಾಡಿಕೊಂಡೆವು. ಬಳಿಕ ಆ ಗಾಲಿಯನ್ನೇ 22 ಮಿಲಿಮೀಟರಿಗೆ ಕಡೆದು, ಮೈಮೇಲೆ ಗೀರುಗಳನ್ನು ಕೊರೆದು, ಹೊಸ ಗಾಲಿಯ ಕುಂಭವಾಗಿಸಿದೆವು. ಪಾಲಿಯುರಿಥೇನ್ ನೈಲಾನಿಗೆ ಚೆನ್ನಾಗಿ ಅಂಟದು. ಗೀರುಗಳೊಳಗೆ ಇಳಿದು ಗಟ್ಟಿಯಾದರೆ ಕಳಚದು. ಎರಡು ದ್ರವಗಳನ್ನು ನಿಗದಿಯಾದ ಪ್ರಮಾಣದಲ್ಲಿ ತೂಗಿ, ಬೆರೆಸಿ, ನಿರ್ವಾತ ಪಾತ್ರೆಯಲ್ಲಿಟ್ಟು ಗುಳ್ಳೆಗಳನ್ನು ತೆಗೆದು, ಅಚ್ಚಿಗೆ ಸುರಿದೆವು.

ಮರುದಿನ ಅಚ್ಚು ಬಿಚ್ಚಿದಾಗ ಕಂಡದ್ದೇನು? ಕುಂಭದ ಸುತ್ತ ಸೆಟ್ ದೋಸೆಯಂತೆ ಗುಳ್ಳೆಗಳು! ಗಾಳಿಯನ್ನು ತೆಗೆದಿದ್ದೆವಲ್ಲ, ಇವು ಎಲ್ಲಿಂದ ಬಂದವು? ಒಂದು ದ್ರವದಲ್ಲಿರುವ ಐಸೊಸಯನೇಟ್ ನೀರಿನೊಡನೆ ವರ್ತಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ನೈಲಾನಾದರೋ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಹೊರಗೆ ಆಷಾಢದ ಮಳೆ. ಹಾಸಿಗೆಯ ನೊರೆಯನ್ನು ಉಬ್ಬಿಸಲು ಬಳಸುವ ಕ್ರಿಯೆಯೇ ಇಲ್ಲಿ ನಮ್ಮ ಗಾಲಿಯನ್ನು ಕೆಡಿಸಿತ್ತು. ಎರಡು ಹೊಸ ಕುಂಭಗಳನ್ನು ಕಡೆದು, ಒಲೆಯಲ್ಲಿ 80 ಡಿಗ್ರಿ ಸೆಲ್ಸಿಯಸಿನಲ್ಲಿ ರಾತ್ರಿಯಿಡೀ ಒಣಗಿಸಿ ಎರಕ ಹೊಯ್ದೆವು. ಗುಳ್ಳೆಗಳು ಮಾಯವಾದವು.

ಇಲ್ಲೊಂದು ಎಚ್ಚರಿಕೆ. ಐಸೊಸಯನೇಟಿನ ಆವಿ ಶ್ವಾಸಕೋಶಕ್ಕೆ ಕೇಡು ಮಾಡುತ್ತದೆ, ಉಬ್ಬಸವನ್ನೂ ತರಬಲ್ಲುದು. ಆವಿಯನ್ನು ಹೊರಸೆಳೆಯುವ ಏರ್ಪಾಡಿರುವಲ್ಲಿ, ಕೈಗವಸು ಕನ್ನಡಕ ಧರಿಸಿ, ಅನುಭವಿಗಳ ಎದುರಿನಲ್ಲಿಯೇ ಈ ಕೆಲಸ ಮಾಡತಕ್ಕದ್ದು. ಮನೆಯ ಕೋಣೆಯಲ್ಲಿ ಸಲ್ಲದು.

ಗಾಲಿಗಳು ಒಂದು ವಾರ ಬಲಿತ ಮೇಲೆ ಪರೀಕ್ಷೆ. ತಿರುಗದಂತೆ ಬಿಗಿದ ಗಾಲಿಯನ್ನು ಹಲಗೆಯ ಮೇಲಿಟ್ಟು, ಅದು ಜಾರುವವರೆಗೆ ಹಲಗೆಯ ಒಂದು ತುದಿಯನ್ನು ಎತ್ತುತ್ತ ಹೋದೆವು. ಜಾರುವ ಕೋನದ ಟ್ಯಾನ್ಜೆಂಟೇ ಘರ್ಷಣೆಯ ಗುಣಾಂಕವಷ್ಟೆ. ನೈಲಾನ್ ಬೇಗ ಜಾರಿತು. ಹೊಸ ಗಾಲಿ ಬಹಳ ಹೊತ್ತು ಹಿಡಿದು ನಿಂತಿತು. ಉರುಳುವ ದೂರದಲ್ಲಿ ಮಾತ್ರ ನೈಲಾನೇ ಕೊಂಚ ಮುಂದೆ. ಆ ಕೊಂಚವನ್ನು ನಾವು ಸಂತೋಷದಿಂದ ಬಿಟ್ಟುಕೊಟ್ಟೆವು.

ಒಂದು ಶನಿವಾರ ಹುಡುಗಿ ನಮ್ಮ ಕಾಲೇಜಿನ ಓಣಿಯಲ್ಲಿ, ತಲೆಗೆ ಶಿರಸ್ತ್ರಾಣ ಧರಿಸಿ, ಆ ತುದಿಯಿಂದ ಈ ತುದಿಗೆ ಉರುಳಿ ಬಂದಳು, ತಿರುವಿನಲ್ಲಿ ಜಾರಲಿಲ್ಲ. ಅವಳ ಅಣ್ಣನು ಮುಂದಾಗಿಯೇ ಓಣಿಯನ್ನು ಗುಡಿಸಿ ಹರಳುಗಳನ್ನೆಲ್ಲ ತೆಗೆದಿದ್ದನು. ಶೇಕಡ 88ರ ಲೆಕ್ಕವನ್ನು ಅವನು ಮರೆತಿರಲಿಲ್ಲ.