ಮುಂಗಾರಿಗೆ ಮುಂಚಿನ ಬಿರುಗಾಳಿಯೂ ಹಿತ್ತಿಲ ತೋಟವೂ

ಏಪ್ರಿಲ್ ತಿಂಗಳ ನಡುವಿನಿಂದ ಮೇ ತಿಂಗಳ ಕೊನೆಯವರೆಗೆ ಬೀಳುವ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಮೈಸೂರು ಸೀಮೆಯಲ್ಲಿ ಬಹುಮಟ್ಟಿಗೆ ಗುಡುಗು ಗಾಳಿಗಳೊಡನೆಯೇ ಬರುತ್ತವೆ. ಹಗಲೆಲ್ಲ ಕಾದ ನೆಲದ ಮೇಲಿನ ಗಾಳಿಯು ಹಗುರವಾಗಿ ಮೇಲಕ್ಕೇರುತ್ತದೆ. ಅದರಲ್ಲಿರುವ ನೀರಿನ ಆವಿಯು ಎತ್ತರದಲ್ಲಿ ತಣಿದು ಮೋಡವಾಗುತ್ತದೆ. ಸಂಜೆಯ ವೇಳೆಗೆ ಮಳೆಯು ಇಳಿಯತೊಡಗಿದಾಗ ತಂಪಾದ, ಭಾರವಾದ ಗಾಳಿಯೂ ಅದರೊಡನೆ ಕೆಳಕ್ಕೆ ಕುಸಿದು, ನೆಲವನ್ನು ತಾಗಿ ಸುತ್ತಲೂ ನುಗ್ಗುತ್ತದೆ. ಮೊದಲ ಹನಿಗಿಂತ ಮುಂಚೆ ಧೂಳೆಬ್ಬಿಸುತ್ತ ಬರುವ ಗಾಳಿಯು ಇದೇ. ಸ್ವಲ್ಪ ಹೊತ್ತಿದ್ದು ಹೋಗುವ ಈ ಗಾಳಿಗೆ ಹಿತ್ತಿಲಿನಲ್ಲಿ ಮೊದಲು ಬಲಿಯಾಗುವುದು ಗೊನೆ ಹೊತ್ತ ಬಾಳೆ.

ಬಾಳೆಯ ಕಂಬದಲ್ಲಿ ಕಟ್ಟಿಗೆಯಿಲ್ಲ. ಎಲೆಬುಡದ ಪಟ್ಟೆಗಳು ಒಂದರ ಮೇಲೊಂದು ಸುತ್ತಿಕೊಂಡು ಆದದ್ದು ಅದು. ಬೇರುಗಳೂ ಹೆಚ್ಚಾಗಿ ಮೇಲುಮಣ್ಣಿನಲ್ಲಿಯೇ ಹರಡಿರುತ್ತವೆ. ಆದುದರಿಂದ ಗೊನೆಯು ಬಾಗಿದ ಕಡೆಯಲ್ಲಿ ಕವೆಗೋಲನ್ನಾಗಲಿ, ಕತ್ತರಿಯಂತೆ ಕಟ್ಟಿದ ಎರಡು ಬಿದಿರುಗಳನ್ನಾಗಲಿ ಆಸರೆಯಾಗಿ ಕೊಡತಕ್ಕದ್ದು. ಕೋಲು ತಾಗುವಲ್ಲಿ ಒಣಪಟ್ಟೆಯನ್ನು ಮಡಿಸಿಟ್ಟರೆ ಕಂಬವು ಗಾಯಗೊಳ್ಳುವುದಿಲ್ಲ. ಈ ಕೆಲಸವನ್ನು ಗೊನೆ ಬಿಟ್ಟ ಕೂಡಲೇ ಮಾಡಬೇಕು. ಗುಡುಗು ಕೇಳಿದ ಮೇಲೆ ಬಿದಿರು ಹುಡುಕಿಕೊಂಡು ಹೊರಡುವುದು ಗೊನೆಗಾಗಿ ಪ್ರಾಣವನ್ನು ಒಡ್ಡಿದಂತೆ.

ಗುಡುಗು ಕೇಳಿಸುವಷ್ಟು ಹತ್ತಿರದಲ್ಲಿ ಮಳೆಯಿದ್ದರೆ ಸಿಡಿಲು ಬೀಳುವ ಸಂಭವವೂ ಉಂಟು. ಗಾಳಿಗೆ ಉದುರುವ ಮಾವಿನಕಾಯಿಯನ್ನು ಆಯಲು ಮಕ್ಕಳು ಮರದಡಿಗೆ ಓಡುವುದು ವಾಡಿಕೆಯಾಗಿದೆ. ಹಿರಿಯರು ಇದನ್ನು ಕಂಡೂ ಕಾಣದಂತೆ ಇರಬಾರದು. ಎತ್ತರವಾದ ಮರಕ್ಕೆ ಬಡಿದ ಸಿಡಿಲು ಅಡಿಯಲ್ಲಿ ನಿಂತವರಿಗೂ ಹಾಯುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷಗಳಾಗುವವರೆಗೆ ಮಕ್ಕಳನ್ನೂ ದನಕರುಗಳನ್ನೂ ಮರದ ಬಳಿಗೆ ಬಿಡತಕ್ಕದ್ದಲ್ಲ. ಹರಿದುಬಿದ್ದ ವಿದ್ಯುತ್ ತಂತಿಯ ಸಮೀಪಕ್ಕೂ ಯಾರೂ ಹೋಗಕೂಡದು. ಕಾಯಿಗಳು ಎಲ್ಲಿಗೂ ಹೋಗುವುದಿಲ್ಲ.

ಹಾಗೆ ಆಯ್ದ ಮಾವಿನಕಾಯಿಗಳನ್ನು ಕಿತ್ತ ಕಾಯಿಗಳೊಡನೆ ಹಣ್ಣಿಗೆ ಹಾಕಬಾರದು. ಪೆಟ್ಟುಬಿದ್ದಲ್ಲಿ ಕೊಳೆತು ಅವು ನೆರೆಯವನ್ನೂ ಕೆಡಿಸುತ್ತವೆ. ತಡಮಾಡದೆ ಹೆಚ್ಚಿ ಉಪ್ಪು ಬೆರೆಸಿಟ್ಟರೆ ಮನೆಗೆ ಉಪಯೋಗವಾಗುತ್ತದೆ.

ಪರಂಗಿ ಗಿಡದ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಬೇರು ಕೊಳೆತು ಗಿಡವೇ ಸಾಯಬಹುದು, ಬಸಿಗಾಲುವೆಯು ತಡವಾಗಬಾರದು. ನುಗ್ಗೆಯ ಕೊಂಬೆ ಬಹು ಪೆಡಸು, ಮುರಿಯದೆ ಉಳಿಯುವುದು ಅಪರೂಪ. ಸೀಳಿದ ಮೋಟನ್ನು ಗರಗಸದಿಂದ ಓರೆಯಾಗಿ ಕೊಯ್ದು, 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರು ನೀರು ಸೇರಿಸಿ ಮಾಡಿದ ಬೋರ್ಡೋ ಮುಲಾಮನ್ನು ಬಳಿಯತಕ್ಕದ್ದು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಕೂಡದು. ಮಣ್ಣಿನ ಮಡಕೆಯೇ ಸಾಕು. ಮುರಿದ ಕೊಂಬೆಯಲ್ಲಿ ಮೂರು ನಾಲ್ಕು ಅಡಿ ಉದ್ದದ, ಬಲಿತ ತುಂಡುಗಳನ್ನು ನೆಟ್ಟರೆ ಚಿಗುರುತ್ತವೆ.

ಗಾಳಿಗೆ ಹರಿದ ಬಾಳೆಯೆಲೆಗಳನ್ನೆಲ್ಲ ಕತ್ತರಿಸಿ ಹಿತ್ತಿಲನ್ನು ಚೊಕ್ಕಟ ಮಾಡುವವರುಂಟು. ಇದು ತಪ್ಪು. ಹರಿದ ಎಲೆ ಊಟಕ್ಕೆ ಬಾರದಿದ್ದರೂ ಹಸಿರಾಗಿರುವವರೆಗೆ ಗಿಡಕ್ಕೆ ಆಹಾರವನ್ನು ಒದಗಿಸುತ್ತಲೇ ಇರುತ್ತದೆ. ಬಿದ್ದ ಗಿಡದ ಗೊನೆಯಲ್ಲಿ ಕಾಯಿಯ ಏಣುಗಳು ಮಾಸಿ ದುಂಡಗಾಗಿದ್ದರೆ ಹಣ್ಣಿಗೆ ಹಾಕಬಹುದು. ಏಣು ಚೂಪಾಗಿದ್ದರೆ ಪಲ್ಯಕ್ಕೇ ಸರಿ. ಕಂಬವನ್ನು ಕಡಿದು ಒಳಗಿನ ದಿಂಡನ್ನು ಅಡಿಗೆಗೆ ತೆಗೆದುಕೊಂಡು, ಪಟ್ಟೆಗಳನ್ನು ಬುಡಕ್ಕೆ ಹೊದಿಸಿ, ಕಂದುಗಳಲ್ಲಿ ಬಲವಾದ ಒಂದನ್ನು ಮಾತ್ರ ಉಳಿಸಿ ಮಣ್ಣೇರಿಸತಕ್ಕದ್ದು.